ಏರುವ ಮುಳ್ಳು

ಹಳೆಯ ಕಾರನ್ನು ಸಾಕುವವನು ರಸ್ತೆಯನ್ನು ನೋಡುವುದು ಒಂದೇ ಕಣ್ಣಿನಿಂದ. ಇನ್ನೊಂದು ಕಣ್ಣು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿಗೆ ಮೀಸಲು. ನನ್ನ ಕಾರು ಏರು ಹತ್ತುವ ಮೊದಲೇ ಅದರ ಮುಳ್ಳು ಹತ್ತಿ ಕುಳಿತಿರುತ್ತಿತ್ತು. ವರ್ಷಗಟ್ಟಲೆ ಡಿಕ್ಕಿಯಲ್ಲಿ ನೀರಿನ ಕ್ಯಾನ್ ಹೊತ್ತು, ನೆರಳು ಕಂಡಲ್ಲೆಲ್ಲ ಬಾನೆಟ್ ಎತ್ತಿ ನಿಂತು, ಹಬೆ ಇಳಿಯಲೆಂದು ಕಾದು ಬೇಸತ್ತ ಮೇಲೆ ರೇಡಿಯೇಟರನ್ನೇ ಬದಲಿಸುವ ತೀರ್ಮಾನಕ್ಕೆ ಬಂದೆ.

ಪೆಟ್ರೋಲಿನ ಶಾಖದಲ್ಲಿ ಹಳೆಯ ಎಂಜಿನ್ ಚಕ್ರ ತಿರುಗಿಸಲು ಬಳಸಿಕೊಳ್ಳುವುದು ಹೆಚ್ಚೆಂದರೆ ಕಾಲು ಭಾಗ. ಉಳಿದುದರಲ್ಲಿ ಒಂದು ದೊಡ್ಡ ಪಾಲು ಹೊಗೆಯೊಡನೆ ಹೊರಟುಹೋದರೆ, ಮತ್ತೊಂದನ್ನು ನೀರು ಹೊತ್ತು ತಂದು ರೇಡಿಯೇಟರಿಗೆ ಒಪ್ಪಿಸುತ್ತದೆ. ಈ ಕೆಲಸ ಎಷ್ಟು ಕಷ್ಟದ್ದೆಂಬುದು ಹಳಬರಿಗೂ ಗೊತ್ತಿತ್ತು: 1901ರ ಮರ್ಸಿಡಿಸ್ 35 ಕಾರಿಗಾಗಿ ವಿಲ್ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದಾಗ ಅದರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪುಟ್ಟ ಕೊಳವೆಗಳಿದ್ದವು. ಅಲ್ಲಿಂದಾಚೆಗೆ ಬಹಳ ಕಾಲ ರೇಡಿಯೇಟರೇ ಕಾರಿನ ಮುಖವಾಗಿತ್ತು. ಹಾಗಾಗಿ ಅದನ್ನು ಬದಲಿಸುವುದೆಂದರೆ ಮುಖಕ್ಕೇ ಕೈ ಹಾಕಿದಂತೆ ಎಂಬ ಅಳುಕು ನನಗಿತ್ತು.

ಅಗ್ಗದ ಉಪಾಯವೊಂದನ್ನು ಮೊದಲು ಪರಿಶೀಲಿಸಿದೆ. ರೇಡಿಯೇಟರಿಗೆ ಚದರಂಗುಲಕ್ಕೆ 7 ಪೌಂಡಿನ ಒತ್ತಡ ತಡೆಯುವ ಮುಚ್ಚಳ ಹಾಕಿದರೆ ನೀರು 100 ಡಿಗ್ರಿಗೆ ಬದಲು ಸುಮಾರು 112 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಆದರೆ ಇದು ಕುದಿತವನ್ನು ಮುಂದಕ್ಕೆ ತಳ್ಳುತ್ತದೆಯೇ ಹೊರತು ಶಾಖವನ್ನು ಹೊರಗೆ ಹಾಕುವುದಿಲ್ಲ. ಮೇಲಾಗಿ, ಮುದಿ ಹೋಸ್ ಪೈಪುಗಳು ಆ ಒತ್ತಡಕ್ಕೆ ಬಾಯಿ ಬಿಡುತ್ತವೆ.

ಕೊನೆಗೆ ಹಳೆಯ ರೇಡಿಯೇಟರನ್ನು ಬಿಚ್ಚಿ ಹೊರಗಿಟ್ಟೆವು. ಗಾಳಿಗೆ ಶಾಖ ಬಿಡುವ ಅದರ ತೆಳು ತಗಡಿನ ರೆಕ್ಕೆಗಳ ನಡುವೆ ಹುಲ್ಲಿನ ಬೀಜ, ಒಣಗಿದ ಕೆಸರು, ಚಿಟ್ಟೆಯ ಅರ್ಧ ರೆಕ್ಕೆ. ಮೆಕ್ಯಾನಿಕ್ ಮೇಲಿನ ಮತ್ತು ಕೆಳಗಿನ ಟ್ಯಾಂಕುಗಳ ಬೆಸುಗೆ ಬಿಡಿಸಿ, ಕೆಳಗಿನಿಂದ ಟಾರ್ಚ್ ಹಿಡಿದು, "ನೀವೇ ನೋಡಿ ಸಾರ್" ಎಂದರು. ಅರ್ಧಕ್ಕರ್ಧ ಕೊಳವೆಗಳಲ್ಲಿ ಬೆಳಕೇ ಹಾಯಲಿಲ್ಲ. ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿ ಸುಣ್ಣವೂ ತುಕ್ಕಿನ ರಾಡಿಯೂ ಸೇರಿ ಗಟ್ಟಿಯಾಗಿದ್ದವು. ಸಿಕ್ಕಸಿಕ್ಕ ನಲ್ಲಿಯ ನೀರನ್ನು ನಾನೇ ಕುಡಿಸಿದ್ದೆನಾದ್ದರಿಂದ ತೆಪ್ಪಗಿದ್ದೆ.

ಹೊಸದನ್ನು ತಾಮ್ರ-ಹಿತ್ತಾಳೆಯದು ತರುವುದೋ ಅಲ್ಯೂಮಿನಿಯಮ್ಮಿನದೋ ಎಂಬುದು ಮುಂದಿನ ಜಿಜ್ಞಾಸೆ. ಶಾಖ ಸಾಗಿಸುವುದರಲ್ಲಿ ತಾಮ್ರವೇ ಮುಂದು. ಆದರೆ ಹಗುರವೂ ಗಟ್ಟಿಯೂ ಆದ ಅಲ್ಯೂಮಿನಿಯಮ್ಮಿನಲ್ಲಿ ಅಗಲವಾದ ಕೊಳವೆಗಳನ್ನು ಮಾಡಬಹುದು. ರೆಕ್ಕೆಗೂ ಕೊಳವೆಗೂ ನಡುವೆ ಶಾಖಕ್ಕೆ ಅಡ್ಡ ನಿಲ್ಲುವ ಸೀಸ-ತವರದ ಬೆಸುಗೆಯೂ ಅದರಲ್ಲಿರುವುದಿಲ್ಲ. ನಾನು ಅದನ್ನೇ ಆರಿಸಿಕೊಂಡು, ಹೊಳಪು ಕಣ್ಣಿಗೆ ರಾಚದಂತೆ ತೆಳುವಾಗಿ ಕಪ್ಪು ಬಣ್ಣ ಬಳಿಸಿದೆ. ತುಕ್ಕು ತಡೆಯುವ ಕೂಲೆಂಟ್ ಇಲ್ಲದೆ ಬರಿಯ ನೀರು ಸುರಿದರೆ ಅಲ್ಯೂಮಿನಿಯಂ ಬೇಗ ತೂತು ಬೀಳುತ್ತದೆಂಬ ಎಚ್ಚರಿಕೆಯನ್ನು ಮೆಕ್ಯಾನಿಕ್ ಎರಡು ಸಲ ಹೇಳಿದರು. ನನ್ನ ಚರಿತ್ರೆ ಅವರಿಗೆ ಆಗಲೇ ತಿಳಿದಿತ್ತು.

ಹೊಸ ರೇಡಿಯೇಟರ್ ಕೂರಿಸಿದ ಮೇಲೆ ವೇಗದಲ್ಲಿ ಸಾಗುವಾಗ ಮುಳ್ಳು ಸುಮ್ಮನಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಮತ್ತೆ ಮೇಲೇಳತೊಡಗಿತು. ಓಟದಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ನಮ್ಮ ಫ್ಯಾನಿನ ಸುತ್ತ ತಗಡಿನ ಕವಚವೇ ಇರಲಿಲ್ಲವಾಗಿ ಅದು ಮುಂದಿನ ಗಾಳಿಯನ್ನು ಬಿಟ್ಟು ಪಕ್ಕದ ಬಿಸಿಗಾಳಿಯನ್ನೇ ಕಡೆಯುತ್ತಿತ್ತು. ಕವಚ ಕೂರಿಸಿದ ಮೇಲೆ ಆ ರೋಗವೂ ಹೋಯಿತು.

ಮರುವಾರ ಮತ್ತೆ ಮೆಕ್ಯಾನಿಕ್ ಬಳಿಗೆ ಹೋಗಬೇಕಾಯಿತು: ಈಗ ಮುಳ್ಳು ಏಳುವುದೇ ಇಲ್ಲ, ಪೆಟ್ರೋಲು ಕುಡಿಯುವುದೂ ಹೆಚ್ಚಾಗಿದೆ ಎಂದೆ. ಅವರು ಎಂಜಿನ್ನಿನ ನೀರಿನ ದಾರಿಯನ್ನು ಬಿಚ್ಚಿ ನೋಡಿ ನನ್ನತ್ತ ತಿರುಗಿದರು. ಬಿಸಿಯ ಕಾಟ ತಾಳಲಾರದೆ ಹಿಂದೊಮ್ಮೆ, ಎಂಜಿನ್ ಹದವಾಗಿ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನು ನಾನೇ ಕಿತ್ತು ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಹಾಕಿದ್ದು ಆಗ ನೆನಪಾಯಿತು.