ಮೊದಲನೇ ಗೇರಿನ ಮುನಿಸು

ಹಸಿರು ದೀಪ ಬಿತ್ತು. ಕ್ಲಚ್ ಒತ್ತಿ ಗೇರ್ ತಳ್ಳಿದೆ. ಬೆಳಗ್ಗೆ ಶಾಲೆಗೆ ಹೊರಡಲೊಲ್ಲದ ಮಗುವಿನ ಹಾಗೆ ಅರ್ಧ ಬಂದು ಅಲ್ಲೇ ಹಟ ಹಿಡಿದು ನಿಂತಿತು. ಹಿಂದಿನ ಹಾರ್ನ್‌ಗಳಲ್ಲಿ ನನ್ನ ವಂಶಾವಳಿಯೆಲ್ಲ ಕೇಳಿಸತೊಡಗಿತು. ಗಾಬರಿಯಲ್ಲಿ ಇಂಜಿನ್ ಆಫ್ ಮಾಡಿದೆ. ಅದೇ ಗೇರು ಬೆಣ್ಣೆಯಲ್ಲಿ ಕೂದಲೆಳೆದಷ್ಟು ಸಲೀಸಾಗಿ ಬಿತ್ತು! ಕ್ಲಚ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿದರೆ ಕಾರು ಛಂಗನೆ ಮುಂದಕ್ಕೆ ನೆಗೆಯಿತು. ಕಾರಿಗೆ ಇವತ್ತು ಹುರುಪು ಜಾಸ್ತಿ ಅಂದುಕೊಂಡೆ. ರೋಗ ತನ್ನ ಹೆಸರನ್ನು ಕೂಗಿ ಹೇಳಿದ್ದು ಆ ಗಳಿಗೆಯಲ್ಲೇ ಅಂತ ಆಗ ಹೊಳೆಯಲಿಲ್ಲ.

ಸಲಹೆಗಳಿಗೆ ಬರವೇ? "ಗೇರ್ ಆಯಿಲ್ ಹಳೇದಾಗಿದೆ" ಅಂದರು ಒಬ್ಬರು. ಇನ್ನೊಬ್ಬರು ಗೇರು ಬೀಳುವಾಗ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಸವೆದಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಅಂತ ತೀರ್ಪು ಕೊಟ್ಟರು. ಇವರು ಸ್ವಂತ ಕಾರು ಇಟ್ಟವರಲ್ಲ, ಇರಲಿ. ರಿವರ್ಸ್ ಹಾಕಿದಾಗಲೆಲ್ಲ ಕರ್ರ್ ಅನ್ನುತ್ತಿತ್ತು. ಬಹಳಷ್ಟು ಕಾರುಗಳ ರಿವರ್ಸ್ ಗೇರಿಗೆ ಸಿಂಕ್ರೊ ಇರೋದಿಲ್ಲ, ಕ್ಲಚ್ ಒತ್ತಿ ಮೂರು ಎಣಿಸಿ ಹಾಕಬೇಕು ಅಂದರು ಮತ್ತೊಬ್ಬರು. ನಾನು ಇಪ್ಪತ್ತು ಎಣಿಸಿದೆ. ಕರ್ರ್.

ಇದರ ಮಧ್ಯೆ ಮಗನ ನೀರಿನ ಬಾಟಲಿ ಕಾಟ ಬೇರೆ. ಎರಡು ವಾರದಿಂದ ನನ್ನ ಕಾಲಡಿಯ ಮ್ಯಾಟು ಒದ್ದೆ. ಒರೆಸಿ ಒಣಗಿಸಿದರೂ ಮತ್ತೆ ಒದ್ದೆ. "ಮುಚ್ಚಳ ಸರಿಯಾಗಿ ಹಾಕೋ" ಅಂತ ದಿನಾ ಗದರಿದೆ. ಅವನು ಪ್ರತಿದಿನವೂ ಬಾಯಿ ತೆರೆದ, ನಾನು ಪ್ರತಿದಿನವೂ ಮುಚ್ಚಿಸಿದೆ.

ಕೊನೆಗೆ ಗ್ಯಾರೇಜು. ಗೇರ್‌ಬಾಕ್ಸ್, ಸಿಂಕ್ರೊ, ಆಯಿಲ್ ಅಂತ ನಾನು ಕಲಿತಿದ್ದನ್ನೆಲ್ಲ ಮೆಕ್ಯಾನಿಕ್‌ಗೆ ಒಪ್ಪಿಸಿದೆ. ಆತ ಸುಮ್ಮನೆ ಕೇಳಿಸಿಕೊಂಡು, "ಸಾರ್, ಕ್ಲಚ್ಚನ್ನ ನಾಕು ಸಲ ಪಟಪಟ ಒತ್ತಿ. ಆಮೇಲೆ ಹಾಕಿ ನೋಡಿ" ಅಂದ. ಬಿತ್ತು!

"ಗೇರ್‌ಬಾಕ್ಸ್ ಚೆನ್ನಾಗೇ ಇದೆ. ಇಂಜಿನ್ ಆಫ್ ಇದ್ದಾಗಲೂ ಗಟ್ಟಿ ಇದ್ದಿದ್ರೆ ಗೇರ್ ಲಿವರಿಂದ ಬಾಕ್ಸಿಗೆ ಹೋಗೋ ಲಿಂಕೇಜೋ, ಬಾಕ್ಸೋ ಅನ್ನಬಹುದಿತ್ತು. ಆಫ್ ಮಾಡಿದ್ರೆ ಸಲೀಸು, ಆನ್ ಇದ್ರೆ ಗಟ್ಟಿ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ ಸಾರ್. ಲೈನಲ್ಲಿ ಏರ್ ಸೇರಿದೆ."

ಪೆಡಲ್ ಒತ್ತಿದಾಗ ಪೈಪಿನೊಳಗಿನ ಬ್ರೇಕ್ ಆಯಿಲ್ ಆ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸಬೇಕು. ಆಯಿಲ್ ಜಾಗದಲ್ಲಿ ಗಾಳಿ ಇದ್ದರೆ ನನ್ನ ಕಾಲಿನ ಬಲವೆಲ್ಲ ಗಾಳಿಯನ್ನು ಹಿಂಡುವುದಕ್ಕೇ ಖರ್ಚು. ಕ್ಲಚ್ ಪ್ಲೇಟು ಇಂಜಿನ್‌ಗೆ ಅರ್ಧ ಅಂಟಿಕೊಂಡೇ ಇರುತ್ತದೆ, ಗೇರ್‌ಬಾಕ್ಸಿನ ಶಾಫ್ಟು ತಿರುಗುತ್ತಲೇ ಇರುತ್ತದೆ. ಹಾಗಾದರೆ ಇಪ್ಪತ್ತಲ್ಲ, ಇನ್ನೂರು ಎಣಿಸಿದ್ದರೂ ಕರ್ರ್.

"ಸರಿ, ಆಯಿಲ್ ಎಲ್ಲಿ ಹೋಯ್ತಪ್ಪಾ? ಗಾಡಿ ನಿಲ್ಲಿಸೋ ಜಾಗದಲ್ಲಿ ಒಂದು ಹನಿಯೂ ಬಿದ್ದಿಲ್ಲ."

ಆತ ಡ್ರೈವರ್ ಸೀಟಿನ ಮುಂದೆ ಬಗ್ಗಿ, ಪೆಡಲಿನ ಮೇಲ್ಭಾಗಕ್ಕೆ ಕೈ ಹಾಕಿ ತಡಕಿದ. ಬೆರಳು ಹೊರಗೆ ಬಂದಾಗ ಮಿರಮಿರ ಮಿಂಚುತ್ತಿತ್ತು. ಹೆಬ್ಬೆರಳಿಗೆ ಉಜ್ಜಿ, ಜಿಡ್ಡು ತೋರಿಸಿದ. "ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ. ಒಳಗಡೆನೇ ಸೋರ್ತಾ ಇದೆ. ಮ್ಯಾಟ್ ಒದ್ದೆ ಆಗಿರ್ಬೇಕಲ್ಲಾ, ನೋಡ್ಲಿಲ್ವಾ ಸಾರ್?"

ನೋಡಿದ್ದೆ. ಎರಡು ವಾರ ನನ್ನ ಕೈಯಾರೆ ಒರೆಸಿದ್ದೆ.

ಸಿಲಿಂಡರ್ ಬದಲಾಯಿಸಿ, ಏರ್ ತೆಗೆಸಿ ಮನೆಗೆ ಬಂದೆ. ಮಗನ ಮುಂದೆ ಗಂಟಲು ಸರಿಮಾಡಿಕೊಂಡು, "ನಿಂದು ತಪ್ಪಿರಲಿಲ್ಲ ಕಣೋ. ನೀನಾದ್ರೂ ಹೇಳಬಾರದಿತ್ತಾ?" ಅಂದೆ.

"ಅದನ್ನೇ ದಿನಾ ಹೇಳಕ್ಕೆ ಬರ್ತಿದ್ದೆ ಅಪ್ಪಾ. ನಾನು ಕೂರೋದು ಹಿಂದಿನ ಸೀಟಲ್ಲಿ!"