"ಪಕ್ಕಾ ಬರ್ಪೆ" ಅಂದವರೇ, 11,600 ಯಾವಾಗ ಕೊಡ್ತೀರಿ?

ಕುದುರೆಮುಖ ಚಾರಣಕ್ಕೆ "ಬರ್ಪೆ" (ತುಳುವಿನಲ್ಲಿ 'ಬರ್ತೇನೆ') ಅಂತ ಹೆಸರು ಕೊಟ್ಟು ಕೊನೆಗೆ ಕೈಕೊಟ್ಟವರ ಬಗ್ಗೆ ಇದು. ಭಾನುವಾರ ರಾತ್ರಿಯೇ ಬರೀಬೇಕಿತ್ತು. ಆಗ ಬರೆದಿದ್ರೆ ಬಾಯಿಗೆ ಬಂದದ್ದೆಲ್ಲ ಬರ್ತಿತ್ತು, ಅದಕ್ಕೆ ಮೂರು ದಿನ ಬಿಟ್ಟೆ. ಮಂಡೆಬಿಸಿ ಇನ್ನೂ ಇಳಿದಿಲ್ಲ ಮಾರಾಯ್ರೆ.

ನಮ್ಮ ಗುಂಪಿನಲ್ಲಿ ಒಬ್ಬ ಇದ್ದಾನೆ. ಹೆಸರು ಬೇಡ, ಓದಿದ ಕೂಡ್ಲೆ ಅವನಿಗೇ ಗೊತ್ತಾಗ್ತದೆ. "ಎಲ್ರೂ ಬಾಲಿಗೆ ಹೋಗಿ ಜ್ವಾಲಾಮುಖಿ ಹತ್ತಿ ಫೋಟೋ ಹಾಕ್ತಾರೆ, ನಮ್ಗೆ ಇಲ್ಲೇ ಉಂಟಲ್ಲ, ಕುದುರೆಮುಖ" ಅಂತ ಶುರು ಮಾಡಿದ್ದೇ ಅವನು. ನಾನು ಕುಶಾಲು ಅಂದ್ಕೊಂಡೆ. ನೋಡಿದ್ರೆ ಮಾತು ಪೂರಾ ಸುಳ್ಳಲ್ಲ. ಅಲ್ಲಿ ಹೊಗೆಯೂ ಇಲ್ಲ, ಬೆಂಕಿಯ ಬಾಯಿಯೂ ಇಲ್ಲ. ಆದ್ರೆ ಆ ಬೆಟ್ಟಸಾಲಿನ ಹಸಿರುಗಪ್ಪು ಕಲ್ಲು ಸುಮಾರು 300 ಕೋಟಿ ವರ್ಷದ ಹಿಂದೆ ಹರಿದ ಲಾವಾ, ಆಮೇಲೆ ಭೂಮಿಯೊಳಗೆ ಬೆಂದು ಅದುಮಿ ರೂಪ ಬದಲಾದದ್ದು. ಅದರ ಜೊತೆಗಿದ್ದ ಕಬ್ಬಿಣದ ಪದರವನ್ನೇ ಅಗೆದು, ಪುಡಿ ಮಾಡಿ, ನೀರಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಮಂಗಳೂರಿಗೆ ಇಳಿಸ್ತಿದ್ದರು. 2005ರ ಕೊನೆಗೆ ಗಣಿ ನಿಂತಿತು. ಆ ಪೈಪು ಬಂದು ಮುಟ್ಟುತ್ತಿದ್ದ ಪಣಂಬೂರು ಕಡೆ ಬೆಳೆದ ನನಗೆ ಪೈಪಿನ ಕತೆ ಗೊತ್ತಿತ್ತು, ಲಾವಾದ್ದು ಗೊತ್ತಿರ್ಲಿಲ್ಲ. ಹಾಗಾಗಿ ನಾನೂ ಉಬ್ಬಿದೆ.

ಗುಂಪಿಗೆ ಹಾಕಿದೆ: ಶನಿವಾರ ಮಧ್ಯಾಹ್ನ ಹೊರಡುದು, ರಾತ್ರಿ ಸಂಸೆ ಹತ್ರ ಹೋಂಸ್ಟೇ, ಭಾನುವಾರ ಬೆಳಿಗ್ಗೆ ಮುಳ್ಳೋಡಿಯಿಂದ ಹತ್ತುದು, ತಲೆಗೆ 2,900. ಐದೇ ನಿಮಿಷ. "ಬರ್ಪೆ." "ಪಕ್ಕಾ ಬರ್ಪೆ." "ಎನ್ನ ಪುದರ್ ಪಾಡ್" (ನನ್ನ ಹೆಸರು ಹಾಕು). ಒಬ್ಬನಂತೂ ಕುದುರೆಯ ಚಿತ್ರ ಒಂಬತ್ತು ಸಲ ಒತ್ತಿದ. ನಾನೂ ಸೇರಿ 12 ತಲೆ.

ಮುಂದಿನ ಚಾಕರಿ ಎಲ್ಲ ಯಾರದ್ದು? ನಂದು. ಅದು ರಾಷ್ಟ್ರೀಯ ಉದ್ಯಾನ, ಮನಸ್ಸು ಬಂದ ಹಾಗೆ ನುಗ್ಗುವ ಹಾಗಿಲ್ಲ. ದಿನಕ್ಕೆ 300 ಜನಕ್ಕೆ ಮಾತ್ರ ಅನುಮತಿ, ಮುಂಚಿತವಾಗಿ ಆನ್‌ಲೈನಲ್ಲಿ ಒಬ್ಬೊಬ್ಬರ ಹೆಸರಲ್ಲಿ ತೆಗೀಬೇಕು. ಆಧಾರ್ ಕಳಿಸಿ ಅಂದ್ರೆ ಒಬ್ಬ ಹಿಂಬದಿ ಮಾತ್ರ ಕಳಿಸಿದ. ಇನ್ನೊಬ್ಬನ ಫೋಟೋದಲ್ಲಿ ಆಧಾರಿಗಿಂತ ಅವನ ಹೆಬ್ಬೆರಳು ಚೆನ್ನಾಗಿ ಕಾಣ್ತಿತ್ತು. ರಾತ್ರಿ ಹನ್ನೊಂದಕ್ಕೆ ಕೂತು ಎಲ್ಲ ತುಂಬಿಸಿ ನನ್ನ ಕಾರ್ಡಲ್ಲೇ ಕಟ್ಟಿದೆ. ನಮ್ಮ ಆಫೀಸಿನ ಹುಡುಗಿಯೊಬ್ಳು "ನಾನೂ ಬರ್ಲಾ ಅಣ್ಣ?" ಅಂತ ಎರಡು ಸಲ ಕೇಳಿದ್ಳು. ಜಾಗ ಇಲ್ಲ ಮಗಾ ಅಂದೆ. ಆ ಮುಖ ಈಗ ನೆನಪಾದ್ರೆ ಉರಿ ಜಾಸ್ತಿ ಆಗ್ತದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಶುರುವಾಯ್ತು. ಜ್ವಾಲಾಮುಖಿ ಅಂತ ಶುರು ಮಾಡಿದ ಆ ಲಾವಾದವನದ್ದೇ ಮೊದಲು: "ಸಣ್ಣ ಜ್ವರ ಉಂಟು ಮಾರಾಯ." ಒಬ್ಬನ ಮನೆಗೆ ದೊಡ್ಡಮ್ಮ ಬರ್ತಾರಂತೆ. ಒಬ್ಬನ ಕಾಲು ಉಳುಕಿದೆಯಂತೆ, ಯಾವ ಕಾಲು ಅಂತ ಕೇಳಿದ್ರೆ ಉತ್ತರ ಇಲ್ಲ. ಇನ್ನೊಬ್ಬ ಏನೂ ಹೇಳ್ಲೇ ಇಲ್ಲ. ಮಂಗಳೂರಿನ ನಂತೂರಿನಲ್ಲಿ ಟಿಟಿ (ಟೆಂಪೋ ಟ್ರಾವೆಲರ್) ನಿಲ್ಲಿಸಿ 25 ನಿಮಿಷ ಕಾದೆವು, ಫೋನ್ ರಿಂಗಾಗ್ತಾನೇ ಇತ್ತು. ಡ್ರೈವರಣ್ಣ ಒಂದು ಬೀಡಿ ಮುಗಿಸಿ ಇನ್ನೊಂದು ಹಚ್ಚಿ, "ಅವ ಬರುದಿಲ್ಲ ಬಿಡಿ" ಅಂದ. ಅವನಿಗೆ ಗೊತ್ತು, ಎಷ್ಟು ನೋಡಿದ್ದಾನೋ. ಐದನೆಯವಳ ಅಪ್ಪನಿಗೆ ನಿಜಕ್ಕೂ ಹುಷಾರಿರ್ಲಿಲ್ಲ. ಅವಳು ಆಸ್ಪತ್ರೆಯಲ್ಲಿ ಕೂತೇ, ಕೇಳುವ ಮೊದಲು, 2,900 ಪೂರಾ ಕಳಿಸಿದ್ಳು. ಅವಳ ಬಗ್ಗೆ ನನ್ನದೊಂದು ಮಾತಿಲ್ಲ.

ದುಡ್ಡು ಹೋದದ್ದು ಒಂದು ಬೇಜಾರು. ನನ್ನ ಮಾನ ಹೋದದ್ದು ಹೋಂಸ್ಟೇಯಲ್ಲಿ. ಕಾರ್ಕಳ, ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿ ತಲುಪುವಾಗ ಕತ್ತಲೆ. ಅಲ್ಲಿಯ ಅಕ್ಕ ಸೋಲಾರ್ ಲೈಟು ಹಿಡ್ಕೊಂಡು ಅಂಗಳಕ್ಕೆ ಬಂದ್ರು. ನಾವು ಏಳು ಜನ ಇಳಿದೆವು. ಅವರು ಬಾಗಿಲು ಹಾಕಿದ ಗಾಡಿಯನ್ನೇ ನೋಡ್ತಾ, "ಉಳಿದೋರು ಹಿಂದಿನ ಗಾಡೀಲಿ ಬರ್ತಿದಾರಾ?" ಅಂತ ಕೇಳಿದ್ರು. ಒಳಗೆ ಹಜಾರದಲ್ಲಿ ಹನ್ನೆರಡು ಹಾಸಿಗೆ, ಹನ್ನೆರಡು ದಿಂಬು, ಪ್ರತಿ ದಿಂಬಿನ ಮೇಲೆ ಮಡಿಸಿಟ್ಟ ಕಂಬಳಿ. ಅಡುಗೆಮನೆಯಲ್ಲಿ ಅಗಲ ಬುಟ್ಟಿ ತುಂಬ ಅಕ್ಕಿ ಕಡುಬು, ಬಾಳೆಲೆ ಮುಚ್ಚಿ, ಇನ್ನೂ ಹಬೆ ಆಡ್ತಿತ್ತು. ಪಕ್ಕದಲ್ಲಿ ಕೋಳಿ ಸಾರು. ಮಧ್ಯಾಹ್ನದಿಂದ ಒಬ್ಬರೇ ನಿಂತು ಮಾಡಿದ್ದಂತೆ. ಒಂದು ಮಾತು ಬೈಲಿಲ್ಲ ಅವರು. "ಪರವಾಗಿಲ್ಲ, ಬೆಳಿಗ್ಗೆ ಒಗ್ಗರಣೆ ಹಾಕ್ತೀನಿ, ತಿನ್ನಿ" ಅಂದ್ರು. ಬೈದಿದ್ರೆ ಒಳ್ಳೇದಿತ್ತು. ನಾನು ನಾಚಿಕೆಗೆ ಎಂಟು ಕಡುಬು ತಿಂದೆ.

ಬೆಳಿಗ್ಗೆ ಎರಡು ಜೀಪು ಬಂದು ನಿಂತಿತ್ತು, ಏಳು ಜನಕ್ಕೆ ಒಂದೇ ಸಾಕು. ಎರಡನೆಯವರು ಮುಖ ಸಣ್ಣ ಮಾಡಿದ್ರು, ಬಾಡಿಗೆ ಕೊಟ್ಟೆ. ಮುಳ್ಳೋಡಿಯ ಅರಣ್ಯ ಇಲಾಖೆಯವರು ಪಟ್ಟಿ ನೋಡಿ ಐದು ಹೆಸರಿಗೆ ಗೀಟು ಎಳೆದ್ರು. ಆ ಐದು ಜಾಗಕ್ಕೆ ಎಷ್ಟು ಜನ ಆನ್‌ಲೈನಲ್ಲಿ ಒದ್ದಾಡಿರ್ತಾರೋ.

ಚಾರಣ ಚೆನ್ನಾಗಿತ್ತು. ಹೋಗಿ ಬರ್ಲಿಕ್ಕೆ ಸುಮಾರು 20 ಕಿ.ಮೀ., ಹಳ್ಳ, ಶೋಲಾ ಕಾಡು (ಬೆಟ್ಟದ ಕಣಿವೆಯ ದಟ್ಟ ಕಾಡು), ಇಂಬಳ, ಒಂಟಿಮರ, ಮತ್ತೆ ಆ ಹುಲ್ಲಿನ ಇಳಿಜಾರು. 1,894 ಮೀಟರಿನ ತುದಿಯಲ್ಲಿ ಮಂಜು ಬಿಟ್ರೆ ಏನೂ ಕಾಣ್ಲಿಲ್ಲ. ನಾನಂತೂ ಅಲ್ಲಿ ಕೂತು ನಾಲ್ಕು ಇಂಟು 2,900 ಅಂತ ಲೆಕ್ಕ ಹಾಕ್ತಿದ್ದೆ.

ಇನ್ನು ಕೇಳಿ. ಇಳಿದು ವಾಪಸ್ ಬರುವಾಗ ಬಜಗೋಳಿ ಹತ್ರ ಫೋನಿಗೆ ಜೀವ ಬಂತು. ಜ್ವರದವನ ಸ್ಟೇಟಸ್! ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದಾನೆ. ಆ ಕಂಬದ ಹಾಗಿನ ಕಲ್ಲಿನ ಮೇಲೆ ಕಾಲು ಮಡಚಿ ಕೂತು, ಕಪ್ಪು ಕನ್ನಡಕ, ಕೈಯಲ್ಲಿ ಸೀಯಾಳ, ಕೆಳಗೆ ಬರಹ: "8.8 ಕೋಟಿ ವರ್ಷದ ಲಾವಾ." ಅಲ್ಲ ಮಾರಾಯ, 300 ಕೋಟಿಯದ್ದು ಬಿಟ್ಟು ಮೊನ್ನೆ ಮೊನ್ನೆಯದಕ್ಕೆ ಹೋದೆಯಾ? ನಾನು ಏನೂ ಬರೀಲಿಲ್ಲ. ಸ್ಟೇಟಸ್ ನೋಡಿದ್ದೇನೆ ಅಂತ ಅವನಿಗೆ ಕಾಣ್ತದಲ್ಲ, ಅಷ್ಟು ಸಾಕು.

ಸೋಮವಾರ ಲೆಕ್ಕ ಹಾಕಿದೆ. ನಾಲ್ಕು ಜನರದ್ದು 11,600 ಬಾಕಿ. ದೊಡ್ಡಮ್ಮನವನು "ನಾನು ಬರ್ಲೇ ಇಲ್ವಲ್ಲ, ನಾನ್ಯಾಕೆ ಕೊಡ್ಬೇಕು?" ಅಂತಾನೆ. ಕಾಲು ಉಳುಕಿದವನು ಅರ್ಧ ಕೊಡ್ತಾನಂತೆ, ಕಡುಬು ತಿನ್ಲಿಲ್ಲ ಅಂತ. ಮಾತಾಡದವನು ಈಗಲೂ ಮಾತಾಡಿಲ್ಲ.

ಇವತ್ತು ಬುಧವಾರ. ಬೆಳಿಗ್ಗೆ ಲಾವಾದವನು ಗುಂಪಿನಲ್ಲಿ ಹಾಕಿದ್ದಾನೆ: "ಡಿಸೆಂಬರಲ್ಲಿ ನೇತ್ರಾವತಿ ಪೀಕ್ ಮಾಡುವಾ, ಯಾರೆಲ್ಲ?" ಕೆಳಗೆ ಆಗ್ಲೇ ಆರು "ಬರ್ಪೆ".