ಬ್ಯಾಟ್ರಿ ಗಾಡಿ ಮಧ್ಯಾಹ್ನ ಚಾರ್ಜಿಗೆ ಹಾಕ್ರಿ

ನಾನು ಬ್ಯಾಟ್ರಿ ಸ್ಕೂಟರ್ ತಗೊಂಡು ಯುಗಾದಿಗೆ ಎರಡು ವರ್ಷ ಆತು. ರಾಯಚೂರಿನಿಂದ ಮಾನ್ವಿ ರೋಡಿನ್ಯಾಗಿರೋ ಒಂದು ಹೈಸ್ಕೂಲಿಗೆ ದಿನಾ ಹೋಗಿ ಬರೋದು 54 ಕಿಲೋಮೀಟರ್. ಮೊದಲಿನ ಗಾಡಿ ಲೀಟರಿಗೆ 45 ಕೊಡ್ತಿತ್ತು, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿದ್ರ ತಿಂಗಳಿಗೆ ಮೂರು ಸಾವಿರದ ಹತ್ರ ಬಂಕಿಗೇ ಹೋಗ್ತಿತ್ತು. ಈಗ ದಿನಕ್ಕ ಎರಡು ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿ ಅಂತ ಹಿಡೀರಿ, ತಿಂಗಳಿಗೆ ಮುನ್ನೂರರ ಆಸುಪಾಸು. ರೊಕ್ಕದ ಲೆಕ್ಕ ಇಷ್ಟೇ, ಇದನ್ನ ಗಾಡಿ ಮಾರೋರೇ ಹೇಳ್ತಾರ. ನಾನು ಬರಿಯಾಕ ಕುಂತಿದ್ದು ಬ್ಯಾರೆ ಮಾತಿಗೆ.

ನಮ್ಮಪ್ಪ ಥರ್ಮಲ್‌ನಾಗ, ಅಂದ್ರ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋ ಕಡೆ, ದುಡಿದು ರಿಟೈರ್ ಆದವರು. ಶಕ್ತಿನಗರದ ಆರ್‌ಟಿಪಿಎಸ್ ಅಂದ್ರ ನಮ್ಮ ರಾಜ್ಯದ ಮೊದಲ ಥರ್ಮಲ್, 1985ರಾಗ ಮೊದಲ ಯೂನಿಟ್ ಶುರು ಆತು, ಈಗ ಎಂಟು ಯೂನಿಟ್ ಸೇರಿ 1720 ಮೆಗಾವ್ಯಾಟ್. ಅಪ್ಪ ಕೋಲ್ ಹ್ಯಾಂಡ್ಲಿಂಗ್‌ನಾಗ ಇದ್ರು. ಸಿಂಗರೇಣಿ ಗಣಿಯಿಂದ ಕಲ್ಲಿದ್ದಲಿನ ರೈಲು ಬಂತಂದ್ರ ಇಡೀ ವ್ಯಾಗನ್ನನ್ನೇ ಹಿಡಕೊಂಡು ಬೋರಲು ಹಾಕೋ ಮಷಿನ್ ಅದ, ಟಿಪ್ಲರ್ ಅಂತಾರ, ನಾನು ಸಣ್ಣಾಕಿದ್ದಾಗ ಅದನ್ನ ಅಪ್ಪ ಕೈ ಮಾಡಿ ತೋರಿಸ್ತಿದ್ರು, ಎರಡು ಕೈಯಾಗ ನೀರಿನ ಚೊಂಬು ಹಿಡಕೊಂಡು ಹಿಂಗ ಡಬ್ಬು ಹಾಕ್ತದ ನೋಡು ಅಂತ. ಅವರ ಶರ್ಟನ್ನ ಅವ್ವ ಮೂರು ನೀರಿಗೆ ಹಾಕ್ತಿದ್ಲು, ಮೂರನೇ ನೀರೂ ಕರ್ರಗೇ ಬರ್ತಿತ್ತು. ಆ ಕೆಲಸದ ಬಗ್ಗೆ ಅಪ್ಪಗ ಇವತ್ತಿಗೂ ಬಾಳ ಅಭಿಮಾನ. ಬೆಂಗಳೂರಾಗ ಲೈಟ್ ಹತ್ತೋದು ನಮ್ಮಿಂದ ಅಂತ ಮನಿಗೆ ಬಂದವರಿಗೆಲ್ಲಾ ಹೇಳೋರು, ಅದು ಸುಳ್ಳೂ ಅಲ್ಲ.

ಸ್ಕೂಟರ್ ತಂದ ದಿನ ಪೂಜಿ ಮಾಡಿ ರಾತ್ರಿ ಚಾರ್ಜಿಗೆ ಹಾಕಿದೆ. ಅಪ್ಪ ಕಟ್ಟಿ ಮ್ಯಾಲೆ ಕುಂತವರು "ದಿನಕ್ಕ ಎಷ್ಟು ಯೂನಿಟ್ ತಿಂತದವ್ವ ಇದು?" ಅಂದ್ರು. ಎರಡು ಅಂದೆ. ಬೆರಳು ಮಡಚಿ ಲೆಕ್ಕ ಹಾಕಿದ್ರು. "ಯೂನಿಟ್ಟಿಗೆ ಏಳ್ನೂರು ಗ್ರಾಂ ಕಲ್ಲಿದ್ದಲು ಹಿಡಿ, ಎರಡಕ್ಕ ಒಂದು ಕೆಜಿ ನಾನೂರು ಗ್ರಾಂ. ನಮ್ಮ ದೇಶದ ಕಲ್ಲಿದ್ದಲಿನ್ಯಾಗ ಮೂರರಾಗ ಒಂದು ಪಾಲಿನ ಮ್ಯಾಲೆ ಬೂದಿನೇ ಇರ್ತದ. ಹೊಗಿ ನಿನ್ನ ಗಾಡಿ ಹಿಂದಿಲ್ಲ ಖರೆ, ಆದ್ರ ದಿನಾ ಅರ್ಧ ಕೆಜಿ ಬೂದಿ ಎಲ್ಲೋ ಒಂದು ಕಡೆ ನಿನ್ನ ಹೆಸರಿಗೆ ಬೀಳ್ತದ."

ಆ ಮಾತು ಬಾಳ ದಿನ ತಲಿಯಾಗೇ ಉಳೀತು. ಹಂಗಂತ ಪೆಟ್ರೋಲೇ ಚಲೋ ಅಂತಲ್ಲ, ಅದನ್ನೂ ಲೆಕ್ಕ ಹಾಕಿ ನೋಡೀನಿ, ಒಂದು ಲೀಟರ್ ಪೆಟ್ರೋಲ್ ಸುಟ್ರ 2.3 ಕೆಜಿ ಇಂಗಾಲದ ಡೈಆಕ್ಸೈಡ್, ನನ್ನ ದಿನದ ಓಡಾಟಕ್ಕ 2.8 ಕೆಜಿ ಹೊಗಿ ಆಗ್ತಿತ್ತು, ಪೂರ್ತಿ ಕಲ್ಲಿದ್ದಲಿನ ಕರೆಂಟ್ ಅಂತ ಇಟ್ಟಕೊಂಡ್ರೂ ಈಗ ಎರಡು ಕೆಜಿ ಆಸುಪಾಸು ಅಷ್ಟೇ. ಆದ್ರ ಇದು ಪೂರ್ತಿ ಕಲ್ಲಿದ್ದಲಿಂದು ಆಗಬೇಕಂತ ಏನದ? ನಮ್ಮ ರಾಜ್ಯದಾಗ ಹಗಲಿನ ಕರೆಂಟು ಬ್ಯಾರೆ, ರಾತ್ರಿ ಕರೆಂಟು ಬ್ಯಾರೆ. ಪಾವಗಡದ ಒಂದೇ ಸೋಲಾರ್ ಪಾರ್ಕು 2050 ಮೆಗಾವ್ಯಾಟ್, ನಮ್ಮ ಥರ್ಮಲ್‌ಗಿಂತ ದೊಡ್ಡದು. ಮಧ್ಯಾಹ್ನ ಹನ್ನೆರಡಕ್ಕ ಸೋಲಾರ್ ಎಷ್ಟು ಬರ್ತದಂದ್ರ ಥರ್ಮಲ್ ಯೂನಿಟ್‌ಗಳ ಲೋಡ್ ಕಮ್ಮಿ ಮಾಡಿಸ್ತಾರ, ಹೊಲದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಹಗಲು ಕೊಡಾಕ ಹತ್ತಿದ್ದೂ ಅದಕ್ಕೇ. ಸಂಜಿ ಆರು ಹೊಡೀತಂದ್ರ ಸೋಲಾರ್ ಸೊನ್ನೆ, ಮನಿ ಮನಿಯಾಗ ಫ್ಯಾನು ಲೈಟು ಟಿವಿ, ಆಗ ಥರ್ಮಲ್ ಏರಿಸಬೇಕು, ಡ್ಯಾಮಿನ ನೀರು ಬಿಡಬೇಕು. ಮಳೆಗಾಲದಾಗ ಕುಷ್ಟಗಿ ಯಲಬುರ್ಗಾ ಕಡೆ ಗಾಳಿಯಿಂದ ಕರೆಂಟ್ ಮಾಡೋ ಫ್ಯಾನು ರಾತ್ರಿನೂ ತಿರಗ್ತಾವ, ಬ್ಯಾಸಿಗಿಯಾಗ ಅಷ್ಟಿಲ್ಲ. ಸರಿಯಾಗಿ ಆ ಸಂಜಿ ಹೊತ್ತಿಗೇ, ಕೆಲಸ ಮುಗಿಸಿ ಬಂದು, ನಾವೆಲ್ಲಾ ಗಾಡಿ ಚಾರ್ಜಿಗೆ ಹಾಕ್ತೀವಿ.

ಇನ್ನೊಂದದ. ಗೃಹಜ್ಯೋತಿ 2023ರ ಆಗಸ್ಟಿನಿಂದ ಬಂತು, ನಮ್ಮಂಥ ಮನಿಗಳಿಗೆ ದೊಡ್ಡ ಆಸರ, ಅದರ ಬಗ್ಗೆ ನಂದು ತಕರಾರಿಲ್ಲ. ಆದ್ರ ಅದರಾಗ ಪುಕ್ಕಟೆ ಯೂನಿಟ್ಟಿನ ಮಿತಿ ಹಾಕಿದ್ದು 2022-23ರಾಗ ನಾವು ಎಷ್ಟು ಸುಟ್ಟಿದ್ವಿ ಅನ್ನೋದರ ಮ್ಯಾಲೆ. ಆವಾಗ ಸ್ಕೂಟರ್ ಎಲ್ಲಿತ್ತು? ಈಗ ತಿಂಗಳಿಗೆ ಐವತ್ತು ಯೂನಿಟ್ ಕೂಡಿತು, ಮಿತಿ ದಾಟಿದ್ದಕ್ಕ ರೊಕ್ಕ, 200 ದಾಟಿತಂದ್ರ ಪೂರ್ತಿ ಬಿಲ್. ಅದಕ್ಕೇ ಮಂದಿ ಹೆದರ್ತಾರ. ಮಾಳಿಗಿ ಮ್ಯಾಲೆ ಸೋಲಾರ್ ಹಾಕೋ ಕೇಂದ್ರದ ಸೂರ್ಯಘರ್ ಯೋಜನಾದಾಗ ಮೂರು ಕಿಲೋವ್ಯಾಟಿಗೆ 78,000 ಸಬ್ಸಿಡಿ ಅದ ಅಂತ ಹೇಳಿದ್ರ "ಬಿಲ್ಲೇ ಬರಂಗಿಲ್ಲಲ್ರೀ, ಸೋಲಾರ್ ಯಾಕ" ಅಂತಾರ, ಬಾಡಿಗಿ ಮನಿಯವರಿಗಂತೂ ಮಾಳಿಗಿನೇ ಅವರದಲ್ಲ.

ನಾನು ಏನು ಮಾಡಿದೆ ಅಂದ್ರ, ನಮ್ಮ ಹೆಡ್‌ಮಾಸ್ಟರ್ ಸರ್‌ಗೆ ಕೇಳಿದೆ, ಶಾಲಿಯಾಗ ಹಗಲು ಚಾರ್ಜಿಗೆ ಹಾಕಬಹುದೇನ್ರಿ ಅಂತ. ಶಾಲಿ ಬಿಲ್ಲಿಗೆ ಹೊರೆ ಆಗಬಾರದು ಅಂದ್ರು, ನ್ಯಾಯದ ಮಾತು. ಎಲೆಕ್ಟ್ರಿಷಿಯನ್ ಕರೆಸಿ ಸಬ್ ಮೀಟರ್ ಒಂದು ಹಾಕಿಸಿದೆ, 650 ರೂಪಾಯಿ. ತಿಂಗಳಿಗೊಮ್ಮೆ ರೀಡಿಂಗ್ ನೋಡಿ ರೊಕ್ಕ ಕಟ್ಟಿ ವಹಿಯಾಗ ಬರೀತೀನಿ. ಈಗ ನಾವು ಮೂರು ಮಂದಿ ಅದೀವಿ, ಬೇವಿನ ಗಿಡದ ಕೆಳಗ ಮೂರು ಗಾಡಿ, ಎರಡನೇ ಪೀರಿಯಡ್‌ಗೆ ಹಾಕಿದ್ರ ಊಟದ ಬಿಡುವಿನ ಹೊತ್ತಿಗೆ ಒಬ್ಬರದು ಮುಗೀತದ.

ಗಿಡದ ನೆರಳು ಅಂತ ಸುಮ್ಮನೆ ಬರೀಲಿಲ್ಲ. ಹೋದ ಮೇ ತಿಂಗಳಾಗ 43 ಡಿಗ್ರಿ ಬಿಸಿಲಿನ್ಯಾಗ ಓಡಿಸಿಕೊಂಡು ಬಂದು ತಕ್ಷಣ ಚಾರ್ಜಿಗೆ ಹಾಕಿದೆ, ಗಾಡಿ ಚಾರ್ಜೇ ತಗೊಳ್ಳವಲ್ದು. ಸರ್ವೀಸ್ ಸೆಂಟರಿಗೆ ಮೂರು ಸಲ ಅಲೆದೆ, ಯಾವ ಕಂಪನಿ ಅಂತ ಹೇಳೋದು ಬ್ಯಾಡ, ಒಬ್ಬರೂ ಸರಿಯಾಗಿ ಹೇಳಲಿಲ್ಲ. ಕೊನಿಗೆ ಹೇಳಿದ್ದು ಒಬ್ಬ ಹುಡುಗ ಮೆಕ್ಯಾನಿಕ್: "ಅಕ್ಕೋರ, ಬ್ಯಾಟ್ರಿ ಬಿಸಿ ಇದ್ದಾಗ ಅದೇ ಬಂದ್ ಮಾಡ್ಕೊಂತದ, ಅರ್ಧ ತಾಸು ನೆರಳಿಗೆ ನಿಲ್ಲಿಸಿ ಆಮ್ಯಾಲೆ ಹಾಕ್ರಿ." ನಮ್ಮ ಜಿಲ್ಲಾದಾಗ ಗಾಡಿ ಮಾರೋರು ಮೊದಲು ಹೇಳಬೇಕಾದ ಮಾತು ಇದು.

ಈಗ ನಮ್ಮ ಓಣಿ ಆಟೋ ಸ್ಟ್ಯಾಂಡ್ ನೋಡ್ರಿ. ಹನ್ನೆರಡು ಆಟೋದಾಗ ಐದು ಬ್ಯಾಟ್ರಿವು ಆಗ್ಯಾವ. ಏಪ್ರಿಲ್ ಮೇ ತಿಂಗಳು ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ರಾಯಚೂರಿನ ರೋಡಿನ್ಯಾಗ ನಾಯಿ ಸೈತ ತಿರುಗಾಡಂಗಿಲ್ಲ, ಆಟೋದವರು ಹಿಂದಿನ ಸೀಟಿನ್ಯಾಗ ಕಾಲು ಹೊರಗ ಹಾಕಿ ಮಲಗಿರ್ತಾರ. ಅದರಾಗ ಒಬ್ಬ ತಮ್ಮ ಹೇಳಿದ, "ಅಕ್ಕೋರ, ಸಂಜಿ ಏಳಕ್ಕ ಬಾಡಿಗಿ ಜೋರಿರ್ತದ, ಆಗ ನಂದು ಚಾರ್ಜ್ ಇಪ್ಪತ್ತು ಪರ್ಸೆಂಟ್ ತೋರಸ್ತದ, ಮನಿಗೆ ಹೋಗಬೇಕು." ನಾಕು ತಾಸು ಗಾಡಿ ಸುಮ್ಮನೆ ನಿಂತಿರ್ತದ, ಮ್ಯಾಲೆ ಅಷ್ಟು ಬಿಸಿಲು ಸುಮ್ಮನೆ ಬೀಳ್ತಿರ್ತದ, ನಡುವ ಒಂದು ವೈರ್ ಇಲ್ಲ!

ಬೇಕಾಗಿದ್ದು ಒಂದು ಚಪ್ಪರ. ತಗಡಿನ ಬದಲಿ ಮ್ಯಾಲೆ ಸೋಲಾರ್ ಪ್ಲೇಟು. ಒಂದು ಕಿಲೋವ್ಯಾಟ್ ದಿನಕ್ಕ ನಾಕು ಯೂನಿಟ್ ಕೊಡ್ತದ, ಐದು ಆಟೋಗೆ ಮಧ್ಯಾಹ್ನ ನಾಕ್ನಾಕು ಯೂನಿಟ್ ಅಂದ್ರ ಐದು ಕಿಲೋವ್ಯಾಟ್ ಸಾಕು, ಇಪ್ಪತ್ತು ಅಡಿ ಇಪ್ಪತ್ತೈದು ಅಡಿ ಜಾಗ. ಕಮ್ಮಿ ಬಿದ್ರ ಲೈನಿನ ಕರೆಂಟ್, ಅದೂ ಹಗಲಿಂದೇ. ಬ್ಯಾಟ್ರಿಗೆ ನೆರಳು, ಮಲಗೋ ಮನಷಾಗೂ ನೆರಳು. ಬಸ್ ಸ್ಟ್ಯಾಂಡ್ ಪಾರ್ಕಿಂಗ್, ಎಪಿಎಂಸಿ, ತಾಲೂಕು ಆಫೀಸು, ಕಾಲೇಜು, ಹಗಲು ಗಾಡಿ ನಿಲ್ಲೋ ಎಲ್ಲಾ ಕಡೆ ಇದು ಆಗಬೇಕು ಅಂತೀನಿ. ದೇಶದಾಗ ಮೊದಲು ಇವಿ ಪಾಲಿಸಿ, ಅಂದ್ರ ಬ್ಯಾಟ್ರಿ ಗಾಡಿ ನೀತಿ, ತಂದಿದ್ದು ನಮ್ಮ ಕರ್ನಾಟಕ, 2017ರಾಗ. ಆ ಪಾಲಿಸಿ ಬೆಂಗಳೂರಿನ ಮಾಲ್‌ನಾಗ ಕಾಣ್ತದ, ನಮ್ಮ ಆಟೋ ಸ್ಟ್ಯಾಂಡಿನ್ಯಾಗ ಕಾಣಬೇಕಲ್ಲ? ನಲವತ್ತು ವರ್ಷ ರಾಜ್ಯಕ್ಕೆಲ್ಲಾ ಕರೆಂಟ್ ಕೊಟ್ಟ ಜಿಲ್ಲಾ ಇದು, ಐದು ಕಿಲೋವ್ಯಾಟ್ ಚಪ್ಪರ ಕೇಳೋದು ದೊಡ್ಡ ಮಾತೇನಲ್ಲ.

ಚಪ್ಪರಕ್ಕ ಅರ್ಜಿ ಬರದು ಇಟ್ಟೀವಿ. ಲೋಡಿನ ಲೆಕ್ಕ ಅಪ್ಪನೇ ಹಾಕಿ ಕೊಟ್ಟಾರ, ಕನ್ನಡಕ ಹಾಕ್ಕೊಂಡು, ಹಳೇ ಡ್ಯೂಟಿ ಡೈರಿ ಹಿಂದಿನ ಖಾಲಿ ಹಾಳಿ ಮ್ಯಾಲೆ. ಹನ್ನೆರಡೂ ಆಟೋದವರು ಸಹಿ ಮಾಡ್ಯಾರ, ಬ್ಯಾಟ್ರಿ ಇಲ್ಲದ ಏಳು ಮಂದಿ ಸೈತ. ಅದನ್ನ ಕೊಡಾಕ ಸೋಮವಾರ ಒಂದನೇ ಪೀರಿಯಡ್ ಪರ್ಮಿಷನ್ ಕೇಳೀನಿ, ಅಪ್ಪನೂ ಬರ್ತೀನಿ ಅಂದಾರ.